ಶಿರಸಿಯ ಒಂದು ಗ್ರಂಥಿಗೆ ಅಂಗಡಿ ಮತ್ತು ಅಲ್ಲಿನ ಹುಳ ಕಡಿದ ಮುಲಾಮು

ನಮ್ಮ ಮನೆ ಹಿಂದೆ, ಅಡಿಕೆ ತೋಟದ ಅಂಚಿನಲ್ಲಿ 14 ಜೇನು ಪೆಟ್ಟಿಗೆ ಇವೆ. ಎಲ್ಲವೂ ತುಡುವೆ ಜೇನು. ಅದರಾಚೆ ಸೊಪ್ಪಿನ ಬೆಟ್ಟ. ಹಾಗಾಗಿ ಹುಳ ಕಡಿಸಿಕೊಳ್ಳದ ತಿಂಗಳು ಅಂತ ನಮಗೆ ಯಾವುದೂ ಇಲ್ಲ. ಚಳಿ ಮುಗಿದರೆ ಜೇನು, ಬೇಸಿಗೆಯಲ್ಲಿ ಚಗಳಿ ಅನ್ನುವ ಕೆಂಪಿರುವೆ, ಮಳೆ ಹಿಡಿದರೆ ನುಸಿ, ಕಂಬಳಿಹುಳು, ಉಂಬಳ. ಮಳೆ ಬಿಡುವ ಹೊತ್ತಿಗೆ ಕಡಜ ಗೂಡು ದೊಡ್ಡದು ಮಾಡಿಕೊಂಡಿರುತ್ತದೆ. ಇದಕ್ಕೆಲ್ಲ ಬೇಕಾದ ಸಾಮಾನನ್ನು ಆರು ವರ್ಷದಿಂದ ನಾನು ತರುವುದು ಶಿರಸಿಯ ಒಂದೇ ಗ್ರಂಥಿಗೆ ಅಂಗಡಿಯಿಂದ, ಅಂದರೆ ಗಿಡಮೂಲಿಕೆ ಸಾಮಾನು ಮಾರುವ ಅಂಗಡಿಯಿಂದ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಅಂಗಡಿಯವರು ಮಾಡುವ ಮುಲಾಮಿಗೆ ಜೇನುಮೇಣ ಕೊಡುವವರಲ್ಲಿ ನಾನೂ ಒಬ್ಬಳು. ವರ್ಷಕ್ಕೆ ಎರಡು-ಮೂರು ಕಿಲೋ ಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುತ್ತೇನೆ. ಆದರೆ ಮೇಣ ಕೊಡಲು ಶುರು ಮಾಡಿದ್ದು ಮುಲಾಮು ಬಳಸಿ ಮೂರು ವರ್ಷ ಆದಮೇಲೆ. ಇದನ್ನು ತಿಳಿದುಕೊಂಡೇ ಮುಂದಿನದನ್ನು ಓದಿ.

ಅಂಗಡಿ ಇರುವುದು ಮಾರಿಗುಡಿ ಕಡೆ ಹೋಗುವ ದಾರಿಯಲ್ಲಿ, ಎರಡು ಬಟ್ಟೆ ಅಂಗಡಿಗಳ ನಡುವೆ. ಅಗಲ ಹೆಚ್ಚೆಂದರೆ ಎಂಟು ಅಡಿ. ಬೋರ್ಡಿನ ಬಣ್ಣ ಹೋಗಿ ವರ್ಷಗಳೇ ಆಗಿವೆ. ಬೋರ್ಡ್ ಹುಡುಕಬೇಡಿ, ವಾಸನೆ ಹಿಡಿದು ಹೋಗಿ. ಬಜೆ, ಇಂಗು, ಕಚೋರ, ಲಾವಂಚ ಎಲ್ಲ ಬೆರೆತ ವಾಸನೆ ರಸ್ತೆಗೇ ಬರುತ್ತದೆ. ಒಳಗೆ ಮೂರು ಗೋಡೆಗೂ ಮರದ ಖಾನೆಗಳು. ಯಾವುದಕ್ಕೂ ಚೀಟಿ ಇಲ್ಲ. ಯಾವುದರಲ್ಲಿ ಏನಿದೆ ಅನ್ನುವುದು ಅಂಗಡಿಯ ಯಜಮಾನರಾದ ಶೆಟ್ರಿಗೆ ಕೈಗೇ ಗೊತ್ತು. ಹೆಸರು ಬರೆಯಬೇಡ ಅಂತ ಅವರೇ ಹೇಳಿದ್ದಾರೆ, ಅದಕ್ಕೆ ಬರೆಯುತ್ತಿಲ್ಲ.

ಅಲ್ಲಿಗೆ ಹೋಗಿ "ಹುಳ ಕಡಿದದ್ದಕ್ಕೆ ಏನಾದರೂ ಕೊಡಿ" ಅಂದರೆ ತಕ್ಷಣ ಏನೂ ಕೊಡುವುದಿಲ್ಲ. ಮೊದಲು ಕೇಳುತ್ತಾರೆ: ಏನು ಕಡಿದದ್ದು, ಎಷ್ಟು ಹೊತ್ತಾಯಿತು, ಮೈಮೇಲೆ ಎಲ್ಲಿ, ಕಡಿಸಿಕೊಂಡವರ ವಯಸ್ಸೆಷ್ಟು. ನನಗೆ ಮೊದಲ ಸಲ ಇದು ಕಿರಿಕಿರಿ ಅನ್ನಿಸಿತ್ತು. ಬಸ್ಸಿಗೆ ಹೊತ್ತಾಗಿತ್ತು. ಈಗ ಅದೇ ಕಾರಣಕ್ಕೆ ಬೇರೆ ಅಂಗಡಿಗೆ ಹೋಗುವುದಿಲ್ಲ.

ಮುಲಾಮಿನ ವಿಷಯಕ್ಕೆ ಬರುತ್ತೇನೆ. ಸಣ್ಣ ತಗಡಿನ ಡಬ್ಬಿ, ಒಳಗೆ ಸುಮಾರು 25 ಗ್ರಾಂ, ಬೆಲೆ 70 ರೂಪಾಯಿ. ಮುಚ್ಚಳ ತೆಗೆದರೆ ಹಳದಿ ಬಣ್ಣದ ಗಟ್ಟಿ ಮುದ್ದೆ. ಮೂಲ ಸಾಮಾನು ನಮ್ಮ ಕಡೆಯ ಮುರುಗಲ ತುಪ್ಪ, ಅಂದರೆ ಮುರುಗಲ ಬೀಜದಿಂದ ತೆಗೆದ ಜಿಡ್ಡು. ಹಿಮ್ಮಡಿ ಒಡೆದರೆ ನಮ್ಮ ಅಜ್ಜಿಯರು ಹಚ್ಚುತ್ತಿದ್ದರಲ್ಲ, ಅದೇ. ಅದಕ್ಕೆ ಜೇನುಮೇಣ, ಬೇವಿನ ಎಣ್ಣೆ, ಅರಿಶಿನ, ಸ್ವಲ್ಪ ಪಚ್ಚ ಕರ್ಪೂರ. ಕೇಳಿದರೆ ಮುಚ್ಚಿಡದೆ ಎಲ್ಲ ಹೇಳುತ್ತಾರೆ.

ಚಳಿಗಾಲದಲ್ಲಿ ಉಗುರಲ್ಲಿ ಕೆರೆದರೂ ಬರುವುದಿಲ್ಲ. ಹೆಬ್ಬೆರಳನ್ನು ಡಬ್ಬಿಯ ಮೇಲೆ ಒತ್ತಿ ಹತ್ತು ಎಣಿಸುವಷ್ಟು ಹೊತ್ತು ಇಡಬೇಕು. ಮೈ ಬಿಸಿಗೆ ಮೇಲ್ಪದರ ಬೆವರಿದ ಹಾಗೆ ಆಗಿ ಬೆರಳಿಗೆ ಹತ್ತುತ್ತದೆ. ಹಚ್ಚಿದ ಕೂಡಲೇ ತಂಪು ಅನ್ನಿಸುವುದಿಲ್ಲ. ಮೊದಲು ಬೇವಿನ ವಾಸನೆ, ಆಮೇಲೆ ನಿಧಾನಕ್ಕೆ ಕರ್ಪೂರದ ತಂಪು. ಜಿಡ್ಡು ಚರ್ಮದ ಮೇಲೆ ತೆಳ್ಳಗೆ ಕೂರುವುದರಿಂದ ತೋಟದಲ್ಲಿ ಬೆವರಿದರೂ ಬೇಗ ಹೋಗುವುದಿಲ್ಲ. ನುಸಿ ಕಡಿದ ದದ್ದು, ಚಗಳಿ ಕಚ್ಚಿದ ಉರಿ, ಜೇನು ಹೊಡೆದು ಮೂರನೇ ದಿನ ಬರುವ ಆ ಹಾಳು ತುರಿಕೆ, ಈ ಮೂರಕ್ಕೆ ನನಗೆ ಇದು ಚೆನ್ನಾಗಿ ಹಿಡಿದಿದೆ. ರಾತ್ರಿ ನಿದ್ದೆಗಣ್ಣಲ್ಲಿ ಕೆರೆದು ಗಾಯ ಮಾಡಿಕೊಳ್ಳುವುದು ತಪ್ಪಿದೆ. ಹುಳ ಕಡಿದದ್ದಕ್ಕಿಂತ ಕೆರೆದದ್ದೇ ಜಾಸ್ತಿ ತೊಂದರೆ ಕೊಡುವುದು, ಅಲ್ವಾ? ಉಗುರಿನ ಕೊಳೆ ಸೇರಿ ಕೀವಾದರೆ ಅದು ಬೇರೆಯದೇ ಕಥೆ.

ಆದರೆ ಜೇನು ಹೊಡೆದ ಆ ಗಳಿಗೆಯ ನೋವಿಗೆ ಮುಲಾಮು ಏನೂ ಮಾಡುವುದಿಲ್ಲ. ಇದನ್ನು ಶೆಟ್ರೇ ಹೇಳಿದರು. "ತಂಗೀ, ಮೊದಲು ಮುಳ್ಳು ತೆಗಿ, ಆಮೇಲೆ ಐಸು, ಆಮೇಲೆ ನನ್ನ ಡಬ್ಬಿ." ಜೇನುಹುಳದ ಮುಳ್ಳಿಗೆ ಗಾಳದ ಹಾಗೆ ಹಿಂದಕ್ಕೆ ಬಾಗಿದ ಹಲ್ಲುಗಳಿರುತ್ತವೆ. ಹುಳ ಹಾರಿದರೂ ಮುಳ್ಳು, ಅದರ ಬುಡದ ವಿಷದ ಚೀಲ ಎರಡೂ ನಮ್ಮ ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಲೇ ಇರುತ್ತವೆ. ಜಾಸ್ತಿ ವಿಷ ಇಳಿಯುವುದು ಮೊದಲ ಒಂದು ನಿಮಿಷದಲ್ಲೇ. ಉಗುರಲ್ಲಿ ಕೆರೆದು ತೆಗೆಯಬೇಕೋ, ಚಿಮಟಿಗೆಯಲ್ಲಿ ಕೀಳಬೇಕೋ ಅಂತ ಯೋಚಿಸುತ್ತ ನಿಲ್ಲಬಾರದು. ಹೇಗಾದರೂ ಸರಿ, ಬೇಗ ತೆಗೆಯಬೇಕು. ಕಡಜ ಹಾಗಲ್ಲ. ಅದರ ಮುಳ್ಳು ಒಳಗೆ ಉಳಿಯುವುದಿಲ್ಲ, ಒಂದೇ ಕಡಜ ನಾಲ್ಕು ಸಲ ಹೊಡೆಯಬಲ್ಲದು.

ಜೇನು ಸಾಕುವವರಿಗೆ ಇನ್ನೊಂದು ಗೊತ್ತಿರುತ್ತದೆ. ಮುಳ್ಳು ಚುಚ್ಚಿದ ಜಾಗಕ್ಕೆ ಮೂಗು ಹಿಡಿದರೆ ಬಾಳೆಹಣ್ಣಿನ ವಾಸನೆ ಬರುತ್ತದೆ. ಅದು ಉಳಿದ ಹುಳಗಳಿಗೆ "ಇಲ್ಲಿ ಹೊಡೀರಿ" ಅನ್ನುವ ಕರೆ. ಅದಕ್ಕೇ ಮುಳ್ಳು ತೆಗೆದು, ಪೆಟ್ಟಿಗೆಯಿಂದ ದೂರ ಬಂದು, ಸೋಪು ಹಾಕಿ ತೊಳೆಯಬೇಕು. ಇಷ್ಟು ಮಾಡದೆ ಮೇಲೆ ಏನು ಹಚ್ಚಿದರೂ ಸುಮ್ನೆ.

ಇಲ್ಲಿ ಒಂದು ಅಡ್ಡಮಾತು. ಹೋದ ವರ್ಷ ಬೆಂಗಳೂರಿನಿಂದ ಬಂದ ನೆಂಟರು ಆನ್‌ಲೈನಲ್ಲಿ ತರಿಸಿದ ಒಂದು ಗಿಡಮೂಲಿಕೆ ರೋಲ್-ಆನ್ ಕೊಟ್ಟಿದ್ದರು. ಒಳ್ಳೆಯ ಪರಿಮಳ. ಹಚ್ಚಿಕೊಂಡು ಪೆಟ್ಟಿಗೆ ಹತ್ತಿರ ಹೋದೆ. ಹುಳಗಳು ಮಣಿಕಟ್ಟಿನ ಸುತ್ತ ಬಂದು ಕೂರತೊಡಗಿದವು. ಹಿಂದೆ ತಿರುಗಿಸಿ ಓದಿದರೆ ಮಜ್ಜಿಗೆ ಹುಲ್ಲಿನ, ಅಂದರೆ ಲೆಮನ್‌ಗ್ರಾಸ್ ಎಣ್ಣೆ ಇತ್ತು. ಜೇನುಹುಳ ತನ್ನ ಗುಂಪನ್ನು ಕರೆಯಲು ಬಿಡುವ ವಾಸನೆಗೂ ಮಜ್ಜಿಗೆ ಹುಲ್ಲಿನ ವಾಸನೆಗೂ ಹತ್ತಿರದ ನಂಟಿದೆ. ಹೊರಟ ಹಿಂಡನ್ನು ಪೆಟ್ಟಿಗೆಗೆ ಸೆಳೆಯಲು ಇದೇ ಎಣ್ಣೆ ಬಳಸುವವರಿದ್ದಾರೆ. ಸೊಳ್ಳೆ ಓಡಿಸಲು ಅದು ಒಳ್ಳೆಯದೇ ಇರಬಹುದು. ಜೇನು ಪೆಟ್ಟಿಗೆ ಇರುವ ಮನೆಯವರು ಮಾತ್ರ ಹಚ್ಚಿಕೊಂಡು ಹೊರಗೆ ಹೋಗಬೇಡಿ.

ಅಂಗಡಿಯಲ್ಲಿ ನಾನು ತಪ್ಪದೆ ತರುವ ಇನ್ನೊಂದು ಅಂದರೆ ಮೂರು ಪೊಟ್ಟಣಗಳ ಜೊತೆ. ಓಮದ ಹೂವು, ಪುದೀನಾ ಹೂವು, ಪಚ್ಚ ಕರ್ಪೂರ. ತಲಾ 10 ಗ್ರಾಂ, ಮೂರೂ ಸೇರಿ 120 ರೂಪಾಯಿ. ಹೂವು ಅನ್ನುವುದು ಹೆಸರಿಗೆ ಮಾತ್ರ, ಮೂರೂ ಹರಳು. ಪುದೀನಾ ಹೂವು ಗಾಜಿನ ಸೂಜಿಗಳ ಹಾಗೆ ಉದ್ದುದ್ದ. ಓಮದ ಹೂವು ದಪ್ಪ ಸಕ್ಕರೆಯ ಹಾಗೆ. ಇವನ್ನು ಸಮ ಪ್ರಮಾಣದಲ್ಲಿ ಒಣಗಿದ ಗಾಜಿನ ಬಾಟಲಿಗೆ ಹಾಕಿ ಬಿರಡೆ ಹಾಕಿ ಅಲ್ಲಾಡಿಸಬೇಕು. ನೀರಿಲ್ಲ, ಬೆಂಕಿಯಿಲ್ಲ. ಮೊದಲು ಹರಳುಗಳ ಅಂಚು ಒದ್ದೆಯಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನೋಡುತ್ತಿದ್ದ ಹಾಗೇ ತಳದಲ್ಲಿ ಎಣ್ಣೆಯಂಥ ನೀರು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಇಡೀ ಬಾಟಲಿ ತಿಳಿ. ಒಂಟಿಯಾಗಿದ್ದಾಗ ಗಟ್ಟಿಯಾಗಿರುವ ಈ ಮೂರು ಸೇರಿದಾಗ ಕರಗುವ ಶಾಖ ತುಂಬ ಕೆಳಗೆ ಇಳಿಯುತ್ತದೆ, ಅದಕ್ಕೇ ಹೀಗೆ. ಇದಕ್ಕೆ ಅಮೃತಧಾರೆ ಅಂತ ಹೆಸರು, ಹಳೆಯ ಮನೆಗಳಲ್ಲಿ ಇರದೇ ಇರುತ್ತಿರಲಿಲ್ಲ. ನನ್ನ ಮಗನಿಗೆ ಏಳನೇ ಕ್ಲಾಸಿನಲ್ಲಿ ಇದನ್ನು ತೋರಿಸಿದ್ದೆ. ಇವತ್ತಿಗೂ ಬಾಟಲಿ ಅಲ್ಲಾಡಿಸುವ ಕೆಲಸ ಅವನದೇ.

ಇದನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು, ಸುಡುತ್ತದೆ. ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಗೆ ಹತ್ತೇ ಹನಿ. ನುಸಿ, ಇರುವೆ ಕಚ್ಚಿದ ಜಾಗಕ್ಕೆ ಒಂದು ಬೊಟ್ಟು ಸಾಕು. ತುರಿಕೆ ಆ ಕ್ಷಣಕ್ಕೆ ನಿಲ್ಲುತ್ತದೆ. ಪುದೀನಾ ಹೂವು ಅಂದರೆ ಮೆಂಥಾಲ್. ಅದು ಚರ್ಮವನ್ನು ನಿಜಕ್ಕೂ ತಂಪು ಮಾಡುವುದಿಲ್ಲ, ತಂಪನ್ನು ಗುರುತಿಸುವ ನರವನ್ನು ಎಬ್ಬಿಸುತ್ತದೆ ಅಷ್ಟೆ. ತಂಪಿನ ಸುದ್ದಿ ಬಂದಾಗ ತುರಿಕೆಯ ಸುದ್ದಿ ಹಿಂದೆ ಸರಿಯುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಆರಾಮ. ನನಗೆ ಅಷ್ಟು ಸಾಕು.

ಕಣ್ಣಿನ ಹತ್ತಿರ, ಒಡೆದ ಚರ್ಮದ ಮೇಲೆ ಬೇಡ. ಸಣ್ಣ ಮಕ್ಕಳ ಮನೆಯಲ್ಲಿ ಈ ಬಾಟಲಿ ಕೈಗೆ ಸಿಗುವ ಹಾಗೆ ಇಡಲೇಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಮಗುವಿಗೆ ಫಿಟ್ಸ್ ಬರುತ್ತದೆ, ಸ್ವಲ್ಪವೇ ಸಾಕು. ನನ್ನ ಎದುರಿಗೇ ಒಬ್ಬ ಹೆಂಗಸು ಒಂದು ವರ್ಷದ ಕೂಸಿಗೆ ಸೊಳ್ಳೆ ಕಡಿದದ್ದಕ್ಕೆ ಇದನ್ನು ಕೇಳಿದರು. ಶೆಟ್ರು ಕೊಡಲಿಲ್ಲ. "ಅಮ್ಮಾ, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ, ಉಗುರು ಕತ್ತರಿಸಿ, ಸೊಳ್ಳೆ ಪರದೆ ಕಟ್ಟಿ" ಅಂದರು. 120 ರೂಪಾಯಿ ವ್ಯಾಪಾರ ಬಿಟ್ಟರು. ನಾನು ಈ ಬರಹ ಬರೆಯಲು ಕುಳಿತದ್ದು ಇಂಥದ್ದಕ್ಕೇ.

ರಕ್ತಚಂದನದ ತುಂಡೂ ಅಲ್ಲಿಂದಲೇ ತಂದದ್ದು. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ತೇಯ್ದರೆ ಕೆಂಪು ಗಂಧ ಬರುತ್ತದೆ. ಬಾವಿನ ಮೇಲೆ ದಪ್ಪಗೆ ಹಚ್ಚಿ ಒಣಗಲು ಬಿಡುವುದು. ಒಣಗುತ್ತ ಹೋದ ಹಾಗೆ ಚರ್ಮ ಬಿಗಿಯುತ್ತದೆ, ತಂಪೂ ಇರುತ್ತದೆ. ಬಾವು ಬೇಗ ಇಳಿಯುತ್ತದೆ ಅಂತ ಅತ್ತೆ ಹೇಳುತ್ತಾರೆ. ನನಗೆ ಅನ್ನಿಸುವುದು, ಜೇನು ಹೊಡೆದ ಬಾವು ಎರಡನೇ ದಿನಕ್ಕೆ ಏರಿ ಆಮೇಲೆ ತಾನೇ ಇಳಿಯುತ್ತದೆ, ಗಂಧ ಆ ದಿನಗಳನ್ನು ಕಳೆಯಲು ಸಹಾಯ ಮಾಡುತ್ತದೆ. ಅಷ್ಟಾದರೂ ಕಡಿಮೆಯಲ್ಲ.

ಗರಿಕೆ ಕೇಳಿದರೆ ಬಯ್ಯುತ್ತಾರೆ. "ಅಂಗಳದಲ್ಲಿ ಇರುವುದಕ್ಕೆ ನನಗ್ಯಾಕೆ ದುಡ್ಡು?" ಗರಿಕೆ, ಅರಿಶಿನ ಸೇರಿಸಿ ನುಣ್ಣಗೆ ಅರೆದು ಹಚ್ಚುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ದದ್ದಿನ ತುರಿಕೆಗೆ ಒಳ್ಳೆಯದು. ಬಿಳಿ ಬಟ್ಟೆ ದೂರ ಇಡಿ. ಲೋಳೆಸರ, ತುಂಬೆ ಸೊಪ್ಪಿನ ರಸ ಕೂಡ ಹೀಗೆಯೇ, ಹಿತ್ತಲಿನಲ್ಲಿ ಸಿಗುತ್ತವೆ. ಸುಣ್ಣ ಮಾತ್ರ ಬೇಡ. ಜೇನಿನ ವಿಷ ಹುಳಿ, ಸುಣ್ಣ ಹಚ್ಚಿದರೆ ಸರಿಹೋಗುತ್ತದೆ ಅಂತ ನಾನೂ ನಂಬಿದ್ದೆ. ವಿಷ ಚರ್ಮದ ಒಳಗೆ ಇಳಿದಿರುತ್ತದೆ, ಮೇಲೆ ಹಚ್ಚಿದ ಸುಣ್ಣ ಅಲ್ಲಿಗೆ ತಲುಪುವುದೇ ಇಲ್ಲ. ಮೇಲಿನ ಚರ್ಮ ಮಾತ್ರ ಬೇಯುತ್ತದೆ. ನನ್ನ ಎಡ ಮೊಣಕೈ ಹತ್ತಿರ ಅಂಥ ಒಂದು ಕಲೆ ಇನ್ನೂ ಇದೆ.

ಕಂಬಳಿಹುಳುವಿಗೆ ಅವರು ಮಾರುವುದು ಏನೂ ಇಲ್ಲ, ಸಲಹೆ ಇದೆ. ಜೂನ್ ಮಳೆಗೆ ನಮ್ಮ ನುಗ್ಗೆ ಮರದ ಕಾಂಡದ ತುಂಬ ಗುಂಪುಗುಂಪಾಗಿ ಕೂತಿರುತ್ತವೆ. ಮೈಗೆ ತಾಗಿದರೆ ಉಜ್ಜಬಾರದು, ರೋಮ ಇನ್ನೂ ಒಳಗೆ ಹೋಗುತ್ತದೆ. ಅಂಟುವ ಟೇಪನ್ನು ಮೆಲ್ಲಗೆ ಒತ್ತಿ ಎಳೆದರೆ ರೋಮ ಟೇಪಿಗೆ ಬರುತ್ತದೆ. ಎರಡು-ಮೂರು ಸಲ ಹೊಸ ಟೇಪಿನಲ್ಲಿ ಹೀಗೆ ಮಾಡಿ, ತೊಳೆದು, ಆಮೇಲೆ ಬೇಕಾದರೆ ಮುಲಾಮು.

ಈಗ ನಾದಿನಿಯ ವಿಷಯ. ಎರಡು ವರ್ಷದ ಹಿಂದೆ ದಸರಾ ರಜೆಗೆ ಬಂದಿದ್ದಳು. ಹಿತ್ತಲಿನಲ್ಲಿ ದಾಸವಾಳ ಕೊಯ್ಯುವಾಗ ಕೈ ಕಡಜದ ಗೂಡಿಗೆ ತಾಗಿತು. ಮೂರು ಕಡೆ ಹೊಡೆಯಿತು, ಎರಡು ಕತ್ತಿಗೆ, ಒಂದು ಕೈಗೆ. ಅತ್ತೆ ತುಂಬೆ ರಸ ಹಿಂಡಿದರು, ನಾನು ಐಸು ತಂದೆ. ಹತ್ತು ನಿಮಿಷಕ್ಕೆ ಹೊಟ್ಟೆ, ಬೆನ್ನು, ಎಲ್ಲ ಕಡೆ ದದ್ದು ಎದ್ದವು. ತುಟಿ ದಪ್ಪಗಾಯಿತು. ಸ್ವರ ಬದಲಾಗಿ, "ಅತ್ತಿಗೇ, ಗಂಟಲು ಕಟ್ಟಿದ ಹಾಗೆ ಆಗ್ತಿದೆ" ಅಂದಳು. ಆಮೇಲೆ ವಾಂತಿ. ನಾನು ಶೆಟ್ರಿಗೆ ಫೋನ್ ಮಾಡಿ, ಏನು ಹಚ್ಚಲಿ ಅಂತ ಕೇಳಿದೆ.

"ಹಚ್ಚುವುದೆಲ್ಲ ಬಿಡು ತಂಗೀ. ಈಗಲೇ ಕಾರು ತೆಗೆಸು. ಇದಕ್ಕೆ ನನ್ನ ಅಂಗಡಿಯಲ್ಲಿ ಮದ್ದಿಲ್ಲ" ಅಂದರು. ಅವರು ಅಷ್ಟು ಜೋರಾಗಿ ಮಾತಾಡಿದ್ದು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕಾರು ಅಂಗಳದಲ್ಲೇ ಇತ್ತು, ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಬೇಕಿತ್ತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ನೋಡುತ್ತಿದ್ದ ಹಾಗೇ ಅವಳ ಉಸಿರು ಸಡಿಲವಾಯಿತು. ಕೆಲವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಕಾಣಿಸಿಕೊಳ್ಳುತ್ತದೆ ಅಂತ ಒಂದು ರಾತ್ರಿ ಇಟ್ಟುಕೊಂಡರು. ಹುಳ ಕಡಿದ ಜಾಗ ಎಷ್ಟೇ ಬಾತರೂ ಅದು ಒಂದು ವಿಷಯ. ಕಡಿಯದ ಜಾಗದಲ್ಲೆಲ್ಲ ದದ್ದು, ಮುಖ ತುಟಿ ನಾಲಿಗೆ ಊತ, ಉಸಿರಿಗೆ ತೊಂದರೆ, ವಾಂತಿ, ತಲೆ ತಿರುಗುವುದು, ಇದು ಬೇರೆಯೇ ವಿಷಯ. ಆಗ ಸೊಪ್ಪು ಅರೆಯುತ್ತ ಕೂರಬಾರದು. ಹೆಜ್ಜೇನು ಗುಂಪಾಗಿ ಹೊಡೆದರೂ, ಬಾಯೊಳಗೆ ಕಡಿದರೂ, ಚೇಳು ಕಡಿದರೂ ಆಸ್ಪತ್ರೆಯೇ. ಒಮ್ಮೆ ಹೀಗಾದವರಿಗೆ ಮುಂದಿನ ಸಲವೂ ಆಗಬಹುದು. ನಾದಿನಿ ಈಗ ಅಲರ್ಜಿ ವೈದ್ಯರನ್ನು ಕಂಡಿದ್ದಾಳೆ.

ಉಣುಗಿನ ವಿಷಯದಲ್ಲೂ ಶೆಟ್ರು ಗಟ್ಟಿ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ನಮ್ಮ ಪಕ್ಕದ ಸಿದ್ದಾಪುರದಲ್ಲೂ ಕಾಣಿಸಿಕೊಂಡಿತ್ತು. ಸೊಪ್ಪಿಗೆ, ದರಕಿಗೆ (ಒಣಗಿದ ಎಲೆಗೆ) ಬೆಟ್ಟಕ್ಕೆ ಹೋಗುವವರು ಬಂದು ಬೇವಿನ ಎಣ್ಣೆ ಕೇಳಿದರೆ, ಆರೋಗ್ಯ ಇಲಾಖೆಯವರು ಹಂಚುವ ತೈಲವನ್ನೇ ಹಚ್ಚಿಕೊಂಡು ಹೋಗಿ ಅಂತ ಕಳಿಸುತ್ತಾರೆ. ಬಂದಮೇಲೆ ಬಿಸಿನೀರು, ಸೋಪು, ಬಟ್ಟೆ ಒಗೆತ. ಜ್ವರ ಬಂದರೆ ಕಷಾಯ ಕುದಿಸುತ್ತ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ.

ಕೊರತೆಗಳನ್ನೂ ಹೇಳಬೇಕು. ಮುಲಾಮಿನ ಡಬ್ಬಿಯ ಮೇಲೆ ತಯಾರಿಸಿದ ತಾರೀಕು ಇಲ್ಲ, ಸಾಮಾನಿನ ಪಟ್ಟಿಯೂ ಇಲ್ಲ. ಕೇಳಿದರೆ ಹೇಳುತ್ತಾರೆ, ಸರಿ. ಆದರೆ ಬೇವು ಆಗದವರು, ಅರಿಶಿನ ಆಗದವರು ಇರುತ್ತಾರೆ. ಅವರಿಗೆ ಡಬ್ಬಿಯೇ ಹೇಳಬೇಕು. ಹೊಸಬರು ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತಗಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಏಪ್ರಿಲ್ ಬಿಸಿಲಿಗೆ ಕರಗಿ ಬ್ಯಾಗಿನ ತುಂಬ ಆಗುತ್ತದೆ, ನನ್ನ ಒಂದು ಹೊಸ ಪರ್ಸ್ ಹಾಗೆ ಹಾಳಾಯಿತು.

ಇನ್ನೊಂದು ಸಲ ಶೆಟ್ರು ಇಲ್ಲದಾಗ ಅಂಗಡಿಯ ಹುಡುಗ ಪಚ್ಚ ಕರ್ಪೂರದ ಬದಲು ಪೂಜೆಯ ಬಿಲ್ಲೆ ಕರ್ಪೂರ ಕಟ್ಟಿಕೊಟ್ಟಿದ್ದ. ಬಾಟಲಿಯ ತಳದಲ್ಲಿ ಬಿಳಿ ಪುಡಿ ಉಳಿಯಿತು. ಬಾಟಲಿ ಸಮೇತ ತೆಗೆದುಕೊಂಡು ಹೋಗಿ ತೋರಿಸಿದೆ. ಶೆಟ್ರು ಬೆಳಕಿಗೆ ಹಿಡಿದು ನೋಡಿ, ಮಾತಾಡದೆ ಮೂರೂ ಪೊಟ್ಟಣ ಹೊಸದಾಗಿ ಕಟ್ಟಿದರು. ಆಮೇಲೆ ಹುಡುಗನನ್ನು ಕರೆದು ಎರಡೂ ಕರ್ಪೂರವನ್ನು ಅವನ ಅಂಗೈ ಮೇಲೆ ಇಟ್ಟು, ಮೂಸಿ ನೋಡಿಸಿ, ವ್ಯತ್ಯಾಸ ಹೇಳಿಕೊಟ್ಟರು. ಬಯ್ಯಲಿಲ್ಲ.

ಭಾನುವಾರ ರಜೆ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ನಾಲ್ಕು ಗಂಟೆ ಮೇಲೆ ಹೋಗಿ. ಶೆಟ್ರು ಇದ್ದಾಗಲೇ ಹೋದರೆ ಒಳ್ಳೆಯದು. ಗಾಡಿ ನಿಲ್ಲಿಸಲು ಜಾಗ ಇಲ್ಲ. ಪೋಸ್ಟಿನಲ್ಲಿ ಕಳಿಸುವುದಿಲ್ಲ, ಏನು ಕಡಿದದ್ದು ಅಂತ ಕೇಳದೆ ಕೊಡಲು ಮನಸ್ಸಿಲ್ಲ ಅನ್ನುತ್ತಾರೆ.

ಹೋದ ವಾರ ಈ ವರ್ಷದ ಮೇಣ ಕೊಡಲು ಹೋಗಿದ್ದೆ. ಮೊದಲು ಕೇಳಿದ್ದು ನಾದಿನಿ ಹೇಗಿದ್ದಾಳೆ ಅಂತ. ಆಮೇಲೆ ತಾರೀಕಿನ ವಿಷಯ ತೆಗೆದೆ. ಈ ಸಲದಿಂದ ಸಣ್ಣ ಗಾಜಿನ ಭರಣಿ ಮಾಡುತ್ತೇನೆ, ಚೀಟಿಯನ್ನು ನಿನ್ನ ಮಗನ ಕೈಲೇ ಬರೆಸು, ಅವನ ಅಕ್ಷರ ಚೆನ್ನಾಗಿದೆ ಅಂದರು. ಅವನು ನಿನ್ನೆ ರಾತ್ರಿ ಕೂತು ನಲವತ್ತು ಚೀಟಿ ಬರೆದಿದ್ದಾನೆ. ಸಾಮಾನಿನ ಪಟ್ಟಿ, ಎರಡು ವರ್ಷದ ಒಳಗಿನ ಮಕ್ಕಳಿಗೆ ಬೇಡ ಅನ್ನುವ ಸಾಲು, ತಾರೀಕಿಗೆ ಖಾಲಿ ಜಾಗ. ಕೊನೆಯ ಸಾಲು ಅವನೇ ಸೇರಿಸಿದ್ದು: "ಉಸಿರು ಕಟ್ಟಿದರೆ ಇದನ್ನು ಹಚ್ಚುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ."